ಮುಂಜಾನೆಯ ನಲವತ್ತು ನಿಮಿಷ ಯಾರ ಸೊತ್ತು?

ಆಂಟಾಪ್ ಹಿಲ್‌ನ ಸರಕಾರಿ ವಸತಿಯಿಂದ ನಾನು ಬೆಳಿಗ್ಗೆ ಐದೂವರೆಗೆ ತಿರುಗಾಟಕ್ಕೆ ಹೊರಡುವಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿರುತ್ತದೆ. ಮಕ್ಕಳ ಡಬ್ಬಿ, ನನ್ನ ಡಬ್ಬಿ, ನಲ್ಲಿಯ ನೀರು ಎಲ್ಲವೂ ಆ ಹೊತ್ತಿಗೇ. ನಡೆದರೆ ಜ್ಞಾಪಕಶಕ್ತಿ ಉಳಿಯುತ್ತದೆಂದು ಒಂದು ದಿನ ಮನೆಯಾಕೆಗೆ ವಿವರಿಸಿದೆ. ಅವಳು ಹಿಟ್ಟು ನಾದುತ್ತಲೇ, "ನನಗೂ ಒಂದು ಮಿದುಳಿದೆಯಲ್ಲಾರೀ?" ಎಂದಳು.

ಬಿ.ಎಸ್ಸಿ. ಓದಿದ ನನ್ನಲ್ಲಿ ಉತ್ತರವಿರಲಿಲ್ಲ.

ವಿಜ್ಞಾನ ಹೇಳುವುದಿಷ್ಟು: ಅಮೆರಿಕದಲ್ಲಿ 120 ಮಂದಿ ವಯಸ್ಸಾದವರ ಮೇಲೆ ನಡೆದ ಪ್ರಯೋಗದ ವರದಿ 2011ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ವಾರಕ್ಕೆ ಮೂರು ದಿನ, 40 ನಿಮಿಷ ಬಿರುಸಾಗಿ ನಡೆದರು. ಉಳಿದವರು ಮೈಕೈ ಸಡಿಲಿಸುವ ಲಘು ವ್ಯಾಯಾಮ ಮಾಡಿದರು. ವರ್ಷದ ಕೊನೆಗೆ, ನೆನಪಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ಎಂಬ ಮಿದುಳಿನ ಭಾಗ ನಡೆದವರಲ್ಲಿ ಶೇಕಡಾ 2ರಷ್ಟು ಬೆಳೆದಿತ್ತು. ಉಳಿದವರಲ್ಲಿ ಸುಮಾರು 1.4ರಷ್ಟು ಕುಗ್ಗಿತ್ತು. ಅನಂತರದ ಪ್ರಯೋಗಗಳೆಲ್ಲ ಇಷ್ಟೇ ಸ್ಪಷ್ಟ ಫಲ ತೋರಿಸಿಲ್ಲವೆಂಬುದೂ ನಿಜ.

ಹಾಗಾದರೆ ಮರೆವು ಬಂದವರು ಸೋಮಾರಿಗಳೇ? ಖಂಡಿತ ಅಲ್ಲ. ಶಾಲಾಮಾಸ್ತರರಾಗಿದ್ದ ನನ್ನ ತಂದೆಯವರು ದಿನವೂ ನಾಲ್ಕು ಮೈಲಿ ನಡೆದವರು. ಕೊನೆಯ ಎರಡು ವರ್ಷ ಅವರಿಗೆ ನನ್ನ ಹೆಸರು ನೆನಪಿರಲಿಲ್ಲ. ವ್ಯಾಯಾಮ ಸಂಭವವನ್ನು ತಗ್ಗಿಸೀತೇ ಹೊರತು ಭರವಸೆಯ ಪತ್ರ ಬರೆದುಕೊಡದು. ರೋಗಿಯ ಮೇಲೆ ತಪ್ಪು ಹೊರಿಸುವುದು ವಿಜ್ಞಾನವೂ ಅಲ್ಲ, ಧರ್ಮವೂ ಅಲ್ಲ.

ಆದರೂ ಪ್ರಯತ್ನ ನಮ್ಮ ಕರ್ತವ್ಯ. ಏಕೆಂದರೆ ನೆನಪು ಒಬ್ಬರ ಸ್ವಂತ ಆಸ್ತಿಯಲ್ಲ. ಪರವೂರಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಊರೆಂದರೆ ತಾಯಿ ಹೇಳಿದ್ದೇ ಊರು. ಯಾರು ಯಾವ ಮನೆಯವರು, ಗೌರಿಹಬ್ಬಕ್ಕೆ ಯಾವ ಹಾಡು, ಅಜ್ಜಿ ಯಾವ ಮಾತಿಗೆ ನಗುತ್ತಿದ್ದರು ಎಂಬುದೆಲ್ಲ ನಮ್ಮಲ್ಲಿ ಅವಳ ನೆನಪಿನಲ್ಲೇ ಇದೆ. ಅಂಥವಳ ಬಿಡುವನ್ನು ಬಳಸಿಕೊಂಡು ನಾನೊಬ್ಬನೇ ನೆನಪು ಕಾಪಾಡಿಕೊಳ್ಳುವುದು ಯಾವ ನ್ಯಾಯ? ಆರೋಗ್ಯಸಾಧನೆ ಸ್ವತಃ ಸ್ವಾರ್ಥವಲ್ಲ. ಅದರ ಖರ್ಚನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದಾಗ ಸ್ವಾರ್ಥವಾಗುತ್ತದೆ.

ಲೆಕ್ಕ ಕಷ್ಟದ್ದೇನೂ ಆಗಿರಲಿಲ್ಲ. ವಾರದ ಆರು ದಿನಗಳಲ್ಲಿ ಮೂರು ಅವಳವು, ಮೂರು ನನ್ನವು. ಅವಳು ನಡೆಯುವ ದಿನ ಅಡುಗೆಮನೆ ನನ್ನದು. ಮೊದಲ ವಾರ ಮಕ್ಕಳ ಡಬ್ಬಿ ಅರ್ಧಕ್ಕರ್ಧ ಮರಳಿ ಬಂತು. ಈಗ ಖಾಲಿಯಾಗಿ ಬರುತ್ತಿದೆ.

ವಾಚಕರೇ, ನಿಮ್ಮ ಮನೆಯಲ್ಲಿ ಮುಂಜಾನೆಯ ನಲವತ್ತು ನಿಮಿಷ ಯಾರದು?