ಕಾಯುವವನಿಗೆ ಸಲ್ಲತಕ್ಕ ಮನ್ನಣೆ

ಲೋಕದ ಮನ್ನಣೆಯು ಸಾಮಾನ್ಯವಾಗಿ ಕಟ್ಟಿದವರಿಗೆ ಸಲ್ಲುತ್ತದೆ. ಕಾಯ್ದವರಿಗೆ ಸಲ್ಲುವುದು ಅಪೂರ್ವ. ಚನ್ನಗಿರಿ ಸೀಮೆಯ ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ, ಅದನ್ನು ಕಟ್ಟಿಸಿದಳೆಂದು ಜನರು ಹೇಳುವ ಶಾಂತವ್ವೆಯ ನೆನಪು ತಾನಾಗಿ ಬರುತ್ತದೆ. ಕೆರೆಯೇ ಅವಳ ಶಾಸನ. ಆದರೆ ಕಾಡುಮೃಗಗಳನ್ನು ಕಾಯುತ್ತ ಆಯುಷ್ಯವನ್ನು ಸವೆಸಿದವನು ತೋರಿಸತಕ್ಕದ್ದೇನು? ಹತ್ತದೆ ಹೋದ ಬೆಂಕಿ, ಬೀಳದೆ ಉಳಿದ ಮರ, ಸಾಯದೆ ಉಳಿದ ಪ್ರಾಣಿ, ಇವು ಶಾಸನ ಕೆತ್ತಿಸುವಂಥ ವಸ್ತುಗಳಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಯ ಅಭಯಾರಣ್ಯವೆಂದು ಘೋಷಿತವಾಯಿತು. ನಾಲ್ಕು ಕೊಂಬುಗಳುಳ್ಳ ಆ ನಾಚುಗೆಯ ಮೃಗವು ಜನರ ಕಣ್ಣಿಗೆ ಬೀಳುವುದೇ ವಿರಳ. ಅದನ್ನು ಕಾಯುವವನ ಕೆಲಸವಂತೂ ಸಫಲವಾದಷ್ಟೂ ಅಗೋಚರವಾಗುತ್ತದೆ.

ಸಂಬಳ ಪಡೆದು ಮಾಡುವ ಕೆಲಸಕ್ಕೆ ಸನ್ಮಾನವೇಕೆಂದು ಕೆಲವರು ಆಕ್ಷೇಪಿಸಬಹುದು. ಸಂಬಳವು ಹೊತ್ತಿಗೆ ಬೆಲೆ ಕಟ್ಟಬಲ್ಲುದು, ಪ್ರಾಣಭಯಕ್ಕೆ ಕಟ್ಟಲಾರದು. ಇದಕ್ಕಿಂತ ಗುರುತರವಾದ ಆಕ್ಷೇಪವು ಬೇರೊಂದುಂಟು: ಮನುಷ್ಯರೇ ಸಾಯುತ್ತಿರುವಾಗ ಮೃಗಗಳನ್ನು ಕಾಯುವವರಿಗೆ ಗೌರವವೇ? 2023ರ ಏಪ್ರಿಲ್ ತಿಂಗಳಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆಯೊಂದರಿಂದ ಹದಿಹರೆಯದ ಹುಡುಗಿಯೊಬ್ಬಳು ಮೃತಳಾದಳು. ಆ ಮನೆಯ ದುಃಖದ ಮುಂದೆ ವನ್ಯಜೀವಿಗಳ ಮಹಿಮೆಯನ್ನು ಬಣ್ಣಿಸಹೊರಡುವುದು ನಿರ್ದಯವಾದೀತು. ಆದರೆ ಅದೇ ತಿಂಗಳಲ್ಲಿ ಆನೆಯನ್ನು ಸೆರೆಹಿಡಿಯುವುದಕ್ಕಾಗಿ ನ್ಯಾಮತಿ ತಾಲ್ಲೂಕಿನ ಜೀನಹಳ್ಳಿಯ ಬಳಿ ಅರಿವಳಿಕೆಯ ಮದ್ದನ್ನು ಹಿಡಿದು ಹೋದ ವನ್ಯಜೀವಿವೈದ್ಯರು ಆನೆಯ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು. ಅವರು ನಿಂತದ್ದು ಯಾರ ಪಕ್ಷದಲ್ಲಿ? ಊರವರ ಭಯವನ್ನು ನೀಗಬೇಕು, ಆನೆಯ ಜೀವವೂ ಉಳಿಯಬೇಕು, ಎಂಬ ಎರಡು ಹೊಣೆಗಳ ನಡುವೆ ಅವರು ನಿಂತಿದ್ದರು. ಕಾಯುವವನ ಸ್ಥಾನವೇ ಅದು. ಎರಡು ಕಡೆಯ ಪೆಟ್ಟನ್ನೂ ಸಹಿಸುವ ಅವನನ್ನು ಮೃಗಪಕ್ಷಪಾತಿಯೆಂದು ಜರೆಯುವುದು ಅನ್ಯಾಯ.

ಸತ್ತವರನ್ನು ಕೊಂಡಾಡುವುದು ಜನಕ್ಕೆ ಸುಲಭ. 1730ರಲ್ಲಿ ಮಾರವಾಡದ ಖೇಜಡಲಿಯಲ್ಲಿ ಮರಗಳಿಗಾಗಿ ಪ್ರಾಣವಿತ್ತ 363 ಮಂದಿ ಬಿಷ್ಣೋಯಿಗಳ ಸ್ಮರಣೆಯಿಂದ ಸೆಪ್ಟೆಂಬರ್ 11ನೆಯ ದಿನವು ಅರಣ್ಯ ಹುತಾತ್ಮರ ದಿನವಾಗಿದೆ. ವೀರಪ್ಪನನ ಊರಾದ ಗೋಪಿನಾಥಂನ ಜನರ ವಿಶ್ವಾಸವನ್ನು ಸೇವೆಯಿಂದ ಗಳಿಸಿ, 1991ರ ನವೆಂಬರಿನಲ್ಲಿ ಅವನಿಂದಲೇ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರಿಗೆ ಮರಣಾನಂತರ ಕೀರ್ತಿಚಕ್ರವು ಸಂದಿತು. ಇವೆಲ್ಲ ಯೋಗ್ಯವೇ. ಆದರೆ ಸತ್ತವನು ಏನನ್ನೂ ಬೇಡುವುದಿಲ್ಲ. ಬದುಕಿರುವ ಕಾವಲುಗಾರನಾದರೋ ನೆರವನ್ನು ಬೇಡುತ್ತಾನೆ.

ಆದುದರಿಂದ ಹಾರ ಶಾಲುಗಳು ಗೌರವದ ಆರಂಭವೇ ಹೊರತು ಪೂರ್ತಿಯಲ್ಲ. ಬೇಸಗೆಯಲ್ಲಿ ಗುಡ್ಡಕ್ಕೆ ಕಿಚ್ಚಿಡದಿರುವುದು, ಬೇಟೆಯ ಮಾಂಸವನ್ನು ಮನೆಯೊಳಕ್ಕೆ ತರದಿರುವುದು, ಹೊನ್ನಾಳಿಯ ರೈತನಾಗಲಿ ಚನ್ನಗಿರಿಯ ರೈತನಾಗಲಿ ಮೃಗಗಳಿಂದ ಬೆಳೆಯನ್ನು ಕಳೆದುಕೊಂಡಾಗ ಅವನ ಪರಿಹಾರವು ತಡವಾಗದಂತೆ ಸಮಾಜವು ದನಿಗೂಡಿಸುವುದು, ಇವುಗಳಿಂದ ಕಾಯುವವನ ಹೊರೆಯು ಇಳಿಯುತ್ತದೆ. ನಷ್ಟಕ್ಕೆ ನ್ಯಾಯ ದೊರೆತ ರೈತನು ಕಾವಲುಗಾರನಿಗೆ ಶತ್ರುವಾಗಲಾರನು. ಒಬ್ಬನನ್ನು ಹೊಗಳಿ ಅವನ ಭಾರವನ್ನು ಅವನ ತಲೆಯ ಮೇಲೆಯೇ ಬಿಡುವುದು ಉಪಚಾರ; ಆ ಭಾರಕ್ಕೆ ತಾನೂ ಹೆಗಲು ಕೊಡುವುದು ಗೌರವ.