ಯಾರು ಕುಡಿದ ಕಪ್ಪು?

ಕಲಬುರಗಿ ಸೀಮೆಯ ಚಹಾಕ್ಕೆ ತನ್ನದೇ ಒಂದು ಪದ್ಧತಿ ಇದೆ. ವಾಡಿ ಜಂಕ್ಷನ್ನಿನ ಹೊರಗಾಗಲಿ, ಸೇಡಂ, ಚಿಂಚೋಳಿಯ ಬಸ್ ನಿಲ್ದಾಣದ ಎದುರಾಗಲಿ, ಇಬ್ಬರು ಗೆಳೆಯರು ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಕೂತು ಒಂದೇ ಚಾ ಹೇಳುತ್ತಾರೆ. ಪಿಂಗಾಣಿಯ ಕಪ್ಪು-ಬಸಿ ಬರುತ್ತದೆ. ಒಬ್ಬ ಅರ್ಧ ಚಹಾವನ್ನು ಬಸಿಗೆ ಸುರಿದುಕೊಂಡು ಕಪ್ಪನ್ನು ಇನ್ನೊಬ್ಬನತ್ತ ಸರಿಸುತ್ತಾನೆ. ಈಚೆಗೆ ಅದರ ಜಾಗಕ್ಕೆ ಕಾಗದದ ಕಪ್ಪು ಬಂದಿದೆ. ‘ತಂದೂರಿ ಚಾಯ್’ ಹೆಸರಿನಲ್ಲಿ ಮಣ್ಣಿನ ಕುಡಿಕೆಯೂ ಬಂದಿದೆ. ಎರಡನ್ನೂ ಒಮ್ಮೆ ಕುಡಿದು ಎಸೆಯುತ್ತೇವೆ. ನನ್ನ ಪ್ರಶ್ನೆ ಇಷ್ಟೇ: ಎಸೆಯುವ ಕಪ್ಪು ನಮ್ಮನ್ನು ಸಮಾನರನ್ನಾಗಿ ಮಾಡುತ್ತದೆಯೇ?

ಕುಡಿಕೆಯನ್ನು ಈಗ ಪರಿಸರದ ಹೆಸರಿನಲ್ಲಿ ಕೊಂಡಾಡುತ್ತೇವೆ. 2004ರಲ್ಲಿ ರೈಲ್ವೆ ಸಚಿವರಾಗಿದ್ದ ಲಾಲೂ ಪ್ರಸಾದ್ ನಿಲ್ದಾಣಗಳಲ್ಲಿ ಕುಲ್ಹಡ್ ತರುವುದಾಗಿ ಹೇಳಿದಾಗ ಕುಂಬಾರರಿಗೆ ಕೆಲಸ ಸಿಕ್ಕೀತೆಂಬ ಆಸೆಯೂ ಇತ್ತು. ಒಳ್ಳೆಯದೇ. ಆದರೆ ಕುಡಿದು ಒಡೆಯುವ ರೂಢಿಗೆ ಇನ್ನೊಂದು ಬೇರೂ ಇದೆ. ಮಡಿಯ ಲೆಕ್ಕದಲ್ಲಿ ತಾಮ್ರ, ಹಿತ್ತಾಳೆ ಮೈಲಿಗೆಯಾದರೆ ಹುಣಸೆ, ಬೂದಿ ಹಾಕಿ ತಿಕ್ಕಿ ಶುದ್ಧ ಮಾಡಬಹುದು. ಎಂಜಲಾದ ಮಣ್ಣಿಗೆ ಶುದ್ಧಿಯಿಲ್ಲ. ಹೊಳಪಿನ ಲೇಪವಿಲ್ಲದ ಮಣ್ಣು ತೇವ ಹೀರುತ್ತದೆ, ತೊಳೆಯುವುದು ಕಷ್ಟ ಎಂಬುದು ನಿಜ. ಆದರೆ ಹೋಟೆಲಿನ ಗಾಜಿನ ಗ್ಲಾಸಿಗೆ ಆ ನೆಪವೂ ಇರಲಿಲ್ಲ.

ಚಿತ್ತಾಪುರ ತಾಲ್ಲೂಕಿನ ಹಿರಿಯರೊಬ್ಬರು ತಮ್ಮ ಹರೆಯದ ದಿನಗಳನ್ನು ನೆನೆಸಿಕೊಂಡಿದ್ದರು. ಅವರ ಕೇರಿಯವರ ಗ್ಲಾಸು ಹೊರಗೆ ಚಪ್ಪರಕ್ಕೆ ಸಿಕ್ಕಿಸಿರುತ್ತಿತ್ತು. ತಾವೇ ತೆಗೆದುಕೊಂಡು, ಮೇಲಿನಿಂದ ಸುರಿದ ಚಹಾ ಕುಡಿದು, ತಾವೇ ತೊಳೆದು ಅಲ್ಲೇ ಇಡಬೇಕು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನ ಪಾತ್ರೆಗಳನ್ನು ಬಳಸುವ ಹಕ್ಕನ್ನು ಹೆಸರಿಸಿಯೇ ಹೇಳುತ್ತದೆ. ಒಳಗೆ ಬಿಟ್ಟರೂ ಲೋಟದಲ್ಲಿ ಅವಮಾನ ಉಳಿಯಬಹುದೆಂದು ಅದನ್ನು ಬರೆದವರಿಗೆ ಗೊತ್ತಿತ್ತು. ಕಾಗದದ ಕಪ್ಪಿನ ಬಗ್ಗೆ ನಾನು ತಕರಾರು ತೆಗೆದಾಗ ಹಿರಿಯರು ನಕ್ಕರು: “ನೋಡವ್ವ, ಇದು ಬಂದ ಮ್ಯಾಲ ನಮ್ಮ ಗಿಲಾಸ ಎಲ್ಲದ ಅಂತ ಹುಡುಕೋದು ತಪ್ಯಾದ.”

ಆ ಮಾತನ್ನು ತಳ್ಳಿಹಾಕಲಾರೆ. ಆದರೆ ಅಲ್ಲಿಗೇ ನಿಲ್ಲಲೂ ಆಗುವುದಿಲ್ಲ. ಜಪಾನಿನ ಚಹಾ ಪದ್ಧತಿಯಲ್ಲಿ ಮಣ್ಣಿನ ಬಟ್ಟಲಿಗೆ ಬೇರೆಯೇ ಬಾಳು ಇದೆ. 16ನೇ ಶತಮಾನದ ಸೆನ್ ನೊ ರಿಕ್ಯುವಿನ ಚಹಾ ಕೋಣೆಯ ಬಾಗಿಲು ತೀರ ಗಿಡ್ಡ. ಸಮುರಾಯಿಯೂ ಕತ್ತಿ ಹೊರಗಿಟ್ಟು ಬಗ್ಗಿ ಒಳಬರಬೇಕು. ಅವನಿಗಾಗಿ ಚೋಜಿರೊ ತಿಗರಿಯಿಲ್ಲದೆ ಕೈಯಲ್ಲೇ ತಿದ್ದಿದ ಬಟ್ಟಲುಗಳು ‘ರಾಕು’ ಎಂದು ಹೆಸರಾದವು. ಗಟ್ಟಿ ಚಹಾಕ್ಕೆ ಅತಿಥಿಗಳಿಗೆಲ್ಲ ಒಂದೇ ಬಟ್ಟಲು. ಒಬ್ಬರು ಕುಡಿದು, ಅಂಚು ಒರೆಸಿ, ಪಕ್ಕದವರಿಗೆ ಕೊಡುತ್ತಾರೆ. ಕೊನೆಗೆ ಅತಿಥಿಗಳ ಎದುರೇ ಅದನ್ನು ತೊಳೆಯುವುದು ಚಹಾ ಕೊಟ್ಟವರೇ. ಕೋಣೆಯ ಹೊರಗೆ ಮೇಲು-ಕೀಳು ಹಾಗೆಯೇ ಇತ್ತು. 1591ರಲ್ಲಿ ಹಿದೆಯೋಶಿಯ ಆಜ್ಞೆಯಂತೆ ರಿಕ್ಯು ಪ್ರಾಣ ಬಿಡಬೇಕಾಯಿತು. ಆದರೂ ಆ ಬಟ್ಟಲು ತುಟಿ ತಾಗಿ ಕೆಡಲಿಲ್ಲ. ತಲೆಮಾರುಗಳ ಕೈ ದಾಟಿದಷ್ಟೂ ಅದರ ಗೌರವ ಹೆಚ್ಚಿತು.

ಕಾಗದದ ಕಪ್ಪು ಭೇದ ತೋರಿಸುವ ಸಂದರ್ಭವನ್ನು ತಪ್ಪಿಸಿದೆ. ಭೇದ ಎಣಿಸುವ ಮನಸ್ಸನ್ನು ಮುಟ್ಟಿಲ್ಲ. ಹೋಟೆಲಿನಲ್ಲಿ ಎಲ್ಲರ ಜೊತೆ ಅದೇ ಕಪ್ಪು ಹಿಡಿಯುವವರ ಮನೆಯಲ್ಲಿ, ಬಂದವರ ಜಾತಿ ನೋಡಿ, ಸ್ಟೀಲ್ ಲೋಟದ ಬದಲು ಕಾಗದದ ಕಪ್ಪು ಹೊರಬರುವುದುಂಟು. ಚಪ್ಪರಕ್ಕೆ ಸಿಕ್ಕಿಸಿದ್ದ ಗ್ಲಾಸೇ ಆಗ ಮನೆಯೊಳಗೆ ಬಂದಿರುತ್ತದೆ. ಮರ್ಯಾದೆಯಿಂದ ಚಹಾ ಕುಡಿಯುವ ಹಕ್ಕನ್ನು ಕಾನೂನು ಕೊಡಬಲ್ಲದು, ಕೊಡಲೇಬೇಕು. ಅದರಾಚೆಯದು ನಮ್ಮ ಕೈಯಲ್ಲಿದೆ: ಅವರು ಕುಡಿದಿಟ್ಟ ಲೋಟವನ್ನು ತೊಳೆದು, ನಮ್ಮ ಲೋಟಗಳ ನಡುವೆ ಬೋರಲು ಹಾಕಿ, ಮರುದಿನ ಅದರಲ್ಲೇ ಕುಡಿಯುವುದು.