ಪಡೆಯುವುದೂ ಒಂದು ಧರ್ಮವೇ?

ಮನೆಗೆ ಯಾರಾದರೂ ಬಂದರೆ ಏನು ಮಾಡಬೇಕೆಂದು ನಿಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕೈಕಾಲಿಗೆ ನೀರು, ಬಾಯಾರಿಕೆಗೆ ಬೆಲ್ಲ ನೀರು, ಕೂರಲು ಚಾಪೆಯೋ ಕುರ್ಚಿಯೋ, ಹೊತ್ತಾಗಿದ್ದರೆ ಊಟ. ಇದನ್ನೆಲ್ಲ ನಾವು ತಾಯಂದಿರ ಸೆರಗು ಹಿಡಿದು ಓಡಾಡುತ್ತಲೇ ಕಲಿತವರು. ಆದರೆ ಗುರುತು ಪರಿಚಯವಿಲ್ಲದ ಊರಿನಲ್ಲಿ, ಕೈಯಲ್ಲಿ ಏನೂ ಸಾಗದೆ, ನೀವೇ ಮತ್ತೊಬ್ಬರ ಬಾಗಿಲಲ್ಲಿ ನಿಂತಾಗ ಹೇಗೆ ನಡೆದುಕೊಳ್ಳಬೇಕು? ಅದನ್ನು ಯಾರಾದರೂ ಕಲಿಸಿದ್ದಾರೆಯೇ? ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಎಂದು ವರ್ಷಗಟ್ಟಲೆ ಓದಿದರೂ ನನಗೆ ಅದು ತಿಳಿದಿರಲಿಲ್ಲ. ಕಲಿಸಿದವರು ಈಸೂರಿನ ಒಬ್ಬ ಅಜ್ಜಿ. ಅದೂ ನಾನು ತಪ್ಪು ಮಾಡಿದ ಮೇಲೆ.

ಕೆಲವು ವರ್ಷಗಳ ಹಿಂದಿನ ಮಾತು. ಮೂರು ದಿನ ಬಿಡುವು ಸಿಕ್ಕಿತ್ತು. ನನ್ನ ಸ್ನೇಹಿತರಾದ ಗುರುಗಳಲ್ಲಿ ಕೆಲವರು ರೋಮ್, ಲೂರ್ದ್, ಫಾತಿಮಾ ಎಂದು ಯಾತ್ರೆ ಮಾಡಿ ಬಂದವರು. ನನಗೆ ಒಲಿದದ್ದು ಹಳೆಯ ಬೈಕು ಮತ್ತು ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ರಸ್ತೆ. ಒಬ್ಬನೇ ಹೊರಟೆ. ನಿಲುವಂಗಿ ಇಲ್ಲ, ಕೊರಳಲ್ಲಿ ಶಿಲುಬೆ ಕಾಣುವಂತಿಲ್ಲ. ನೋಡಿದವರಿಗೆ ನಾನೊಬ್ಬ ದಾರಿಹೋಕ, ಅಷ್ಟೆ. ಈ ಸಂಗತಿಯನ್ನು ನೆನಪಿಡಿ. ಏಕೆಂದರೆ ನಾವು ಗುರುಗಳು ಅತಿಥಿಗಳಾಗುವುದರಲ್ಲಿ ಪಳಗಿದವರೆಂದು ನಿಮಗನ್ನಿಸಬಹುದು. ಫಾದರ್ ಮನೆಗೆ ಬರುತ್ತಾರೆಂದರೆ ಆ ಮನೆಯ ಕೋಳಿಗೆ ಕಷ್ಟಕಾಲ! ಆದರೆ ಅದು ಫಾದರ್‌ಗೆ ಸಿಗುವ ಸತ್ಕಾರ. ಹೆಸರಿಲ್ಲದವನಿಗೆ ಸಿಗುವ ಸತ್ಕಾರವೇ ಬೇರೆ.

ಈಸೂರಿನಲ್ಲಿ ಹುತಾತ್ಮರ ಸ್ಮಾರಕ ನೋಡಿ ಹೊರಟವನಿಗೆ ಊರು ದಾಟುವ ಮೊದಲೇ ಬೈಕಿನ ಚೈನು ಕಡಿಯಿತು. ಮೆಕ್ಕೆಜೋಳದ ಕಾಲ. ರಸ್ತೆಯುದ್ದಕ್ಕೂ ಜನ ಕಾಳು ಹರಡಿ ಒಣಗಿಸುತ್ತಿದ್ದರು. ಅಷ್ಟರಲ್ಲಿ ಕಾಲವಲ್ಲದ ಕಾಲದ ಮಳೆ. ಎಲ್ಲರೂ ಕಾಳಿನ ಮೇಲೆ ಟಾರ್ಪಾಲು ಎಳೆಯಲು ಓಡಾಡುತ್ತಿದ್ದಾಗ ನಾನು ಬೈಕಿನ ಪಕ್ಕ ಪೆಚ್ಚಾಗಿ ನಿಂತಿದ್ದೆ. ಎದುರು ಮನೆಯ ಕಟ್ಟೆಯ ಮೇಲಿಂದ ದನಿ ಬಂತು: “ಮಳೇಲಿ ಯಾಕ್ರೀ ನಿಂತ್ಕಂಡೀರಿ? ಒಳಗ್ ಬರ್ರಿ.”

ಅಜ್ಜಿ ನನ್ನ ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ಕೇಳಿದ್ದು ಒಂದೇ, “ಉಂಡ್ರಾ?” ನಾನು ಸಂಕೋಚದಿಂದ “ಊಟ ಆಗಿದೆ” ಎಂದು ಸುಳ್ಳು ಹೇಳಿದೆ. ಎಷ್ಟು ಸುಲಭವಾಗಿ ಬಂತು ನೋಡಿ ಆ ಸುಳ್ಳು! ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು, ಮಜ್ಜಿಗೆ ಬಂದವು. ಅವರ ಮೊಮ್ಮಗ ತನ್ನ ಬೈಕಿನಲ್ಲಿ ಶಿಕಾರಿಪುರಕ್ಕೆ ಹೋಗಿ ಹೊಸ ಚೈನು ತಂದ, ತಾನೇ ಹಾಕಿಯೂ ಕೊಟ್ಟ. ಚೈನಿಗೆ ಎಷ್ಟಾಗಿತ್ತೋ ಅಷ್ಟನ್ನೇ ತೆಗೆದುಕೊಂಡ. ಹೊರಡುವಾಗ ನಾನು 500 ರೂಪಾಯಿಯ ನೋಟು ತೆಗೆದು ಅಜ್ಜಿಯ ಮುಂದೆ ಹಿಡಿದು, “ಮಕ್ಕಳಿಗೆ ಏನಾದರೂ ಕೊಡಿಸಿ” ಎಂದೆ.

ಅವರ ಮುಖ ಬಾಡಿತು. “ಇದೇನು ಖಾನಾವಳಿ ಅಂದ್ಕಂಡ್ಯಾ ತಮ್ಮಾ?”

ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡುತ್ತಿದ್ದವರು ಏಕವಚನಕ್ಕೆ ಇಳಿದಿದ್ದರು. ನನ್ನ ತಾಯಿ ಬೈದಂತಾಯಿತು.

ನಾನು ನೋಟು ತೆಗೆದದ್ದೇಕೆ? ಕೃತಜ್ಞತೆಯಿಂದ ಎಂದು ಆಗ ನಂಬಿದ್ದೆ. ಸೊರಬದ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಸಂತ ತೋಮಾಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಉಪಕಾರಸ್ಮರಣೆಯ ಬಗ್ಗೆ ಬರೆಯುತ್ತಾ, ಪಡೆದ ಉಪಕಾರವನ್ನು ಕೂಡಲೇ ಹಿಂದಿರುಗಿಸಬೇಕೇ ಎಂಬ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾರೆ. ಮನಸ್ಸಿನ ಪ್ರೀತಿ ಕೂಡಲೇ ಹುಟ್ಟಬೇಕು, ಆದರೆ ಪ್ರತ್ಯುಪಕಾರ ತಕ್ಕ ಕಾಲಕ್ಕಾಗಿ ಕಾಯಬೇಕು ಎನ್ನುವುದು ಅವರ ಉತ್ತರ. ರೋಮಿನ ತತ್ವಜ್ಞಾನಿ ಸೆನೆಕನನ್ನು ನೆನೆದು, ತೀರಿಸಲು ಅವಸರಪಡುವವನ ಮನಸ್ಸು ಸಾಲಗಾರನದು, ಕೃತಜ್ಞನದಲ್ಲ ಎಂಬ ಅಭಿಪ್ರಾಯವನ್ನೂ ಅಲ್ಲಿ ಸೇರಿಸುತ್ತಾರೆ. ಇದನ್ನು ನಾನು ಪರೀಕ್ಷೆಗಾಗಿ ಓದಿದ್ದೆ, ಅಂಕವೂ ಬಂದಿತ್ತು. ಅರ್ಥವಾಗಲು ಅಜ್ಜಿಯ ಬೈಗುಳ ಬೇಕಾಯಿತು.

ನಮ್ಮ ಕನ್ನಡದಲ್ಲಿ ಋಣ ಎಂಬ ಮಾತಿದೆ. ಸಾಲವೂ ಋಣವೇ, ಸಂಬಂಧವೂ ಋಣವೇ. ಅನ್ನದ ಋಣ, ನೀರಿನ ಋಣ, ಋಣಾನುಬಂಧ ಎನ್ನುತ್ತೇವೆ. ಋಣ ತೀರಿತು ಎಂದು ಯಾವಾಗ ಹೇಳುತ್ತೇವೆ? ಊರು ಬಿಡುವಾಗ, ಇಲ್ಲವೆ ಯಾರಾದರೂ ಕಣ್ಣು ಮುಚ್ಚಿದಾಗ. ಅಜ್ಜಿಯ ಮುಂದೆ ನೋಟು ಹಿಡಿದು ನಾನು ಹೇಳಿದ್ದು ಅದನ್ನೇ: ನಿನಗೂ ನನಗೂ ಇನ್ನೇನೂ ಇಲ್ಲ, ಋಣ ತೀರಿತು. ಊಟದ ಹೊತ್ತಿನಲ್ಲಿ ಅವರ ಮುಂದೆ ನಾನು ಬರಿಗೈಯವನಾಗಿದ್ದೆ. ನೋಟು ತೆಗೆದ ಕೂಡಲೇ ಮತ್ತೆ ಕೊಡುವವನಾದೆ, ಮೇಲಿನವನಾದೆ. ಕೊಡುವುದರಲ್ಲಿ ಹೆಚ್ಚು ಭಾಗ್ಯವಿದೆ ಎಂದು ನಾವು ಪ್ರಸಂಗ ಮಾಡುತ್ತೇವೆ. ನಿಜವೇ. ಆದರೆ ಕೊಡುವುದರಲ್ಲಿ ಸುಖವೂ ಇದೆ, ಅಧಿಕಾರವೂ ಇದೆ. ಪಡೆಯುವವನಿಗೆ ಅವೆರಡೂ ಇಲ್ಲ.

ಅಧಿಕಾರದ ಮಾತು ಬಂದಾಗ ಈಸೂರಿನ ಇತಿಹಾಸವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1942ರ ಸೆಪ್ಟೆಂಬರಿನಲ್ಲಿ ಈ ಹಳ್ಳಿಯವರು ಕಂದಾಯ ಕೊಡುವುದಿಲ್ಲವೆಂದರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಧ್ವಜ ಹಾರಿಸಿ, ತಮ್ಮ ಊರಿಗೆ ತಮ್ಮದೇ ಸರ್ಕಾರವೆಂದು ಸಾರಿದರು. ಊರ ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಒಳಗೆ ಪ್ರವೇಶವಿಲ್ಲವೆಂದು ಬೋರ್ಡು ಹಾಕಿದರು. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬ ಘೋಷಣೆ ನೀವೂ ಕೇಳಿದ್ದೀರಿ. ಮೈಸೂರು ಸರ್ಕಾರದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಬೇಕೆಂದು ಜನ ಹಟ ಹಿಡಿದರು. ಜಗಳ ಬೆಳೆಯಿತು, ಗುಂಡು ಹಾರಿತು, ಆ ಇಬ್ಬರೂ ಜನರ ಕೈಯಲ್ಲಿ ಸತ್ತರು. ಆಮೇಲೆ ಸೈನ್ಯ ಬಂತು. ಜನ ಕಾಡು ಸೇರಿದರು, ಮನೆಗಳು ಲೂಟಿಯಾದವು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಸ್ಮಾರಕದ ಮುಂದೆ ನಾನು ಐವರಿಗಾಗಿ ಪ್ರಾರ್ಥಿಸಿದೆ, ಆ ಇಬ್ಬರು ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಿದೆ. ಅವರಿಗೂ ಮನೆಮಠ ಇದ್ದಿತಲ್ಲವೇ?

ಒಳಗೆ ಬರಬೇಡಿ ಎಂದು ಬೋರ್ಡು ಹಾಕಿದ ಊರೇ ನನ್ನನ್ನು ಒಳಗೆ ಬರ್ರಿ ಎಂದು ಕರೆಯಿತು. ಇದರಲ್ಲಿ ವಿರೋಧವಿದೆಯೇ? ನನಗೆ ಕಾಣುವುದಿಲ್ಲ. ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಒಂದು ಚಿಕ್ಕ ಪುಸ್ತಕ ಬರೆದ. ಪರದೇಶಿಯೊಬ್ಬ ಶಾಂತನಾಗಿ ಬಂದರೆ ಅವನನ್ನು ಶತ್ರುವಿನಂತೆ ಕಾಣಬಾರದು, ಅದು ಅವನ ಹಕ್ಕು ಎಂದ. ಆದರೆ ಅದೇ ಪುಟಗಳಲ್ಲಿ ಯುರೋಪಿನ ವ್ಯಾಪಾರಿ ರಾಷ್ಟ್ರಗಳನ್ನು ತರಾಟೆಗೆ ತೆಗೆದುಕೊಂಡ. ನೋಡಲು ಬರುತ್ತೇವೆಂದು ಹೋಗಿ ಗೆದ್ದುಕೊಂಡುಬಿಡುತ್ತಾರೆ, ವ್ಯಾಪಾರದ ನೆಪದಲ್ಲಿ ಹಿಂದೂಸ್ಥಾನಕ್ಕೆ ಸೈನ್ಯ ತಂದರು ಎಂದು ನಮ್ಮ ದೇಶದ ಉದಾಹರಣೆಯನ್ನೇ ಕೊಟ್ಟ. ಬಾಗಿಲು ಹಾಕುವ ಸ್ವಾತಂತ್ರ್ಯವಿದ್ದವನು ತೆರೆದರೆ ಮಾತ್ರ ಅದು ಆತಿಥ್ಯ. ಇಲ್ಲವೆನ್ನಲಾಗದ ಕಡೆ ಬಡಿಸಿದ್ದು ಕಂದಾಯ.

ಯೇಸುಸ್ವಾಮಿ ಶಿಷ್ಯರನ್ನು ಕಳುಹಿಸುವಾಗ ಹಣದ ಚೀಲ ಬೇಡ, ಜೋಳಿಗೆ ಬೇಡ ಎಂದದ್ದು ಬರೀ ಬಡತನದ ವ್ರತಕ್ಕಾಗಿ ಎಂದು ಬಹುಕಾಲ ತಿಳಿದಿದ್ದೆ. ಈಗ ಬೇರೆ ಕಾರಣವೂ ತೋರುತ್ತದೆ. ಜೇಬಿನಲ್ಲಿ ದುಡ್ಡಿದ್ದರೆ ಅವರು ಛತ್ರದಲ್ಲಿ ಉಳಿಯುತ್ತಿದ್ದರು, ಯಾರ ಋಣಕ್ಕೂ ಬೀಳುತ್ತಿರಲಿಲ್ಲ. ಸಂತ ಲೂಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ತೆಗೆದು ಓದಿ. ಸಮಾರಿಯದ ಒಂದು ಹಳ್ಳಿ ಸ್ವಾಮಿಯನ್ನು ಸೇರಿಸಿಕೊಳ್ಳಲಿಲ್ಲ. ಯಕೋಬ, ಯೊವಾನ್ನರಿಗೆ ಸಿಟ್ಟು ಬಂತು, ಆಕಾಶದಿಂದ ಬೆಂಕಿ ಸುರಿಸೋಣವೇ ಎಂದರು. ಸ್ವಾಮಿ ಅವರನ್ನೇ ಗದರಿಸಿ, ಸುಮ್ಮನೆ ಇನ್ನೊಂದು ಹಳ್ಳಿಗೆ ನಡೆದರು. ಅಮಲ್ದಾರರ ಹಿಂದೆ ಸೈನ್ಯವಿತ್ತು. ಸ್ವಾಮಿಯ ಹಿಂದೆಯೂ ಬೆಂಕಿಯಿತ್ತು, ಅವರು ಬೇಡವೆಂದರು.

ಸಂತ ಪೌಲರು ಮಾಲ್ಟಾ ದ್ವೀಪದಲ್ಲಿ ಹಡಗೊಡೆದು ದಡ ಸೇರಿದಾಗ ಅಲ್ಲಿಯೂ ಮಳೆ, ಚಳಿ. ಹಡಗಿನಲ್ಲಿದ್ದವರು 276 ಮಂದಿ. ಕ್ರಿಸ್ತನ ಹೆಸರನ್ನೇ ಕೇಳದ ದ್ವೀಪವಾಸಿಗಳು ಬೆಂಕಿ ಹಾಕಿ ಎಲ್ಲರನ್ನೂ ಬೆಚ್ಚಗಿರಿಸಿದರು. ಆಗ ಪೌಲರು ಮಾಡಿದ್ದೇನು? ಸೌದೆ ಆರಿಸಿ ತಂದು ಬೆಂಕಿಗೆ ಹಾಕಿದರು ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ನಾನೂ ಕೊನೆಗೆ ಅಂಥದ್ದೊಂದು ಮಾಡಿದೆನೆನ್ನಿ. ನೋಟು ಜೇಬಿಗೆ ಹಾಕುವಷ್ಟರಲ್ಲಿ ಇನ್ನೊಂದು ಸಲ ಮಳೆ ಹನಿಯಿತು. ಮೊಮ್ಮಗನೊಡನೆ ಟಾರ್ಪಾಲಿನ ಇನ್ನೊಂದು ತುದಿ ಹಿಡಿದು ಎಳೆದೆ. ಅದಕ್ಕೆ ಅಜ್ಜಿ ಬೇಡ ಅನ್ನಲಿಲ್ಲ.

ಮರುದಿನ ಬಳ್ಳಿಗಾವಿಗೆ ಹೋದೆ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವೆಂಬುದು ಹನ್ನೆರಡನೆಯ ಶತಮಾನದಲ್ಲಿ ಹೆಸರಾಗಿತ್ತು. ಕಾಳಾಮುಖ ಶೈವರ ಮಠ. 1162ರ ಶಾಸನದಲ್ಲಿ ಅದರ ವರ್ಣನೆಯಿದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಆ ಜಾಗದಲ್ಲೇ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ನಾನಾ ಪಂಥದ ಸನ್ಯಾಸಿಗಳು ಎಲ್ಲರಿಗೂ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧಿ ಸಿಗುತ್ತಿತ್ತು. ಕಥೆ ಹೇಳುವವರನ್ನೂ ಪಟ್ಟಿಗೆ ಸೇರಿಸಿದ್ದಾರಲ್ಲ, ನನಗೆ ಅದು ಬಹಳ ಹಿಡಿಸಿತು. ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಅಲ್ಲಿಂದ ಕಲ್ಯಾಣದವರೆಗೆ ಆಕೆ ಒಬ್ಬಳೇ ನಡೆದಳು. ಹೆಣ್ಣೊಬ್ಬಳು ಅಷ್ಟು ದೂರ ಹೋಗುವಾಗ ದಾರಿಯಲ್ಲಿ ಎಷ್ಟು ಮನೆಗಳ ಭಿಕ್ಷೆ ಆಕೆಯನ್ನು ಉಳಿಸಿರಬೇಕು! ಆ ಮನೆಗಳ ಹೆಸರು ಯಾವ ಶಾಸನದಲ್ಲೂ ಇಲ್ಲ.

ಹೆಸರಿಲ್ಲದವರ ಮಾತು ಬಂದಾಗ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಅಜ್ಜಿ ಕರೆದರು, ಸರಿ. ರೊಟ್ಟಿ ಬಡಿದವರು ಸೊಸೆ. ಹೊಲದಿಂದ ಆಗಷ್ಟೇ ಬಂದಿದ್ದರು. ಅವರನ್ನು ನಾನು ಸರಿಯಾಗಿ ನೋಡಲೂ ಇಲ್ಲ, ಒಂದು ಮಾತು ಆಡಲೂ ಇಲ್ಲ. ಆದಿಕಾಂಡದಲ್ಲಿ ಮಮ್ರೆಯ ಮರಗಳ ಬಳಿ ಮೂವರು ಪ್ರಯಾಣಿಕರನ್ನು ಕಂಡು ಅಬ್ರಹಾಮ ಓಡಿಹೋಗಿ ನಮಸ್ಕರಿಸುತ್ತಾನೆ, ಆಮೇಲೆ ಗುಡಾರದೊಳಗೆ ಓಡಿ, ಬೇಗ ಹಿಟ್ಟು ನಾದು ಎಂದು ಸಾರಳಿಗೆ ಹೇಳುತ್ತಾನೆ. ಸತ್ಕಾರದ ಕೀರ್ತಿ ಅಬ್ರಹಾಮನಿಗೆ, ಬೆವರು ಸಾರಳಿಗೆ. ಗಂಡಸರೇ, ನಿಮ್ಮ ಮನೆಯಲ್ಲಿ ಹೇಗೆ?

ಇಷ್ಟೆಲ್ಲ ಬರೆದವನ ಮನೆ ಬಾಗಿಲ ಕಥೆಯನ್ನೂ ಹೇಳದಿದ್ದರೆ ಅದು ಮೋಸವಾದೀತು. ನಮ್ಮ ಗುರುನಿವಾಸದ ಗೇಟಿಗೂ ಒಂದು ಬೋರ್ಡಿದೆ. ಭೇಟಿಯ ಸಮಯ ಬೆಳಿಗ್ಗೆ ಇಷ್ಟರಿಂದ ಇಷ್ಟು, ಸಂಜೆ ಇಷ್ಟರಿಂದ ಇಷ್ಟು. ಈಸೂರಿನಿಂದ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ತಪಸ್ಸುಕಾಲದ ಒಂದು ರಾತ್ರಿ ಹತ್ತು ಗಂಟೆಗೆ ಗೇಟು ಬಡಿದ ಸದ್ದಾಯಿತು. ನಡುವಯಸ್ಸಿನವರೊಬ್ಬರು. ಕೊನೆಯ ಬಸ್ಸು ತಪ್ಪಿದೆ, ದೇವಾಲಯದ ಜಗಲಿಯ ಮೇಲೆ ರಾತ್ರಿ ಮಲಗಬಹುದೇ ಎಂದು ಕೇಳಿದರು. ಒಬ್ಬನೇ ಇದ್ದೆ, ಭಯವಾಯಿತು. ಪತ್ರಿಕೆಯಲ್ಲಿ ಓದಿದ ಕಳ್ಳತನಗಳೆಲ್ಲ ನೆನಪಾದವು. ಗೇಟಿನ ಸರಳುಗಳ ನಡುವಿನಿಂದ 100 ರೂಪಾಯಿ ಚಾಚಿ, ಬಸ್ ನಿಲ್ದಾಣದ ಹತ್ತಿರ ಲಾಡ್ಜ್ ಇದೆ ಎಂದೆ. “ನಾನು ದುಡ್ಡು ಕೇಳಲಿಲ್ಲ ಸ್ವಾಮಿ” ಎಂದರು. ನಾನು ನೋಟನ್ನು ಸರಳಿಗೆ ಸಿಕ್ಕಿಸಿ ಒಳಗೆ ಬಂದುಬಿಟ್ಟೆ. ಬೆಳಿಗ್ಗೆ ಪೂಜೆಗೆ ಗೇಟು ತೆರೆಯಲು ಹೋದಾಗ ನೋಟು ಇಬ್ಬನಿಯಲ್ಲಿ ನೆನೆದು ಅಲ್ಲೇ ಇತ್ತು.

ಭಯ ಪಟ್ಟದ್ದು ತಪ್ಪೆಂದು ನಾನು ಹೇಳಲಾರೆ. ನಿಮ್ಮಲ್ಲಿ ಒಂಟಿಯಾಗಿರುವ ತಾಯಂದಿರಿದ್ದೀರಿ, ಮಕ್ಕಳು ದೂರವಿರುವ ವೃದ್ಧರಿದ್ದೀರಿ. ಸಿಕ್ಕಸಿಕ್ಕವರಿಗೆ ರಾತ್ರಿ ಬಾಗಿಲು ತೆರೆಯಿರಿ ಎಂದು ನಿಮಗೆ ಉಪದೇಶ ಮಾಡಿದರೆ ಅದು ಅವಿವೇಕ. ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ಬರೆದ ನಿಯಮಾವಳಿಯಲ್ಲಿ ಬರುವ ಅತಿಥಿಗಳನ್ನೆಲ್ಲ ಕ್ರಿಸ್ತನಂತೆ ಕಾಣಬೇಕೆಂದು ವಿಧಿಸುತ್ತಾರೆ. ಆದರೆ ಮಠದ ಬಾಗಿಲಲ್ಲಿ ಒಬ್ಬ ವಿವೇಕಿಯಾದ ವೃದ್ಧ ಸನ್ಯಾಸಿ ಇರಬೇಕೆಂದೂ ಹೇಳುತ್ತಾರೆ. ಯಾರಾದರೂ ಬಡಿದೊಡನೆ ಆತ ದೇವರಿಗೆ ಕೃತಜ್ಞತೆ ಹೇಳಿ ಉತ್ತರ ಕೊಡಬೇಕು. ನಮ್ಮ ಗೇಟಿಗೆ ಬೀಗವಿತ್ತು, ಬೋರ್ಡಿತ್ತು. ಅಂಥ ಮುದುಕ ಇರಲಿಲ್ಲ.

ಆ ದಿನ ಬಸ್ ನಿಲ್ದಾಣಕ್ಕೆ ಹೋಗಿ ಹೋಟೆಲಿನವರನ್ನು, ಆಟೋದವರನ್ನು ಕೇಳಿದೆ. ಅಂಥವರನ್ನು ಯಾರೂ ಕಂಡಿರಲಿಲ್ಲ. ಈಚೆಗೆ ಪಾಲನಾ ಸಮಿತಿಯ ಸಭೆಯಲ್ಲಿ, ಸಭಾಂಗಣದ ಪಕ್ಕದ ಹಳೆಯ ಕೋಣೆಯನ್ನು ಶುಚಿಮಾಡಿ ದಾರಿಹೋಕರಿಗೆಂದು ಇಡೋಣವೇ ಎಂಬ ಮಾತು ತೆಗೆದೆ. ಕೀಲಿಕೈ ಯಾರ ಬಳಿ ಇರಬೇಕು, ಗುರುತಿನ ಚೀಟಿ ಕೇಳಬೇಕೇ ಬೇಡವೇ ಎಂದು ಎರಡು ಗಂಟೆ ಚರ್ಚೆಯಾಯಿತು. ಕೀಲಿಕೈಯನ್ನು ನಮ್ಮ ನಿವೃತ್ತ ಮೇಷ್ಟ್ರೊಬ್ಬರು ಇಟ್ಟುಕೊಳ್ಳಲು ಒಪ್ಪಿದ್ದಾರೆ. ಬಂದವರಿಗೆ ಊಟ ಯಾರು ಮಾಡಿ ಹಾಕುವುದು ಎಂಬ ಪ್ರಶ್ನೆ ಬಂದಾಗ ಗಂಡಸರೆಲ್ಲ ಹೆಂಗಸರ ಕಡೆ ತಿರುಗಿ ನೋಡಿದರು. ಸಭೆ ಸದ್ಯಕ್ಕೆ ಅಲ್ಲಿಗೆ ನಿಂತಿದೆ.